ನ್ಯಾಯದ ತಾಲೀಮು ನಡೆದ ಕಾಲೇಜು

ವರ್ಣಭೇದದ ವಿರುದ್ಧ ಅಮೆರಿಕದ ಕೋರ್ಟುಗಳಲ್ಲಿ ನಡೆದ ದೊಡ್ಡ ಹೋರಾಟಕ್ಕೆ ವಕೀಲರನ್ನು ತಯಾರು ಮಾಡಿದ್ದು ಒಂದು ಸಣ್ಣ ಕಾನೂನು ಕಾಲೇಜು. ಅದನ್ನು ಆರು ವರ್ಷ ಮುನ್ನಡೆಸಿದ ಚಾರ್ಲ್ಸ್ ಹ್ಯಾಮಿಲ್ಟನ್ ಹ್ಯೂಸ್ಟನ್ ಅವರ ಕೆಲಸದ ಬಗೆ ಇಂದಿನ ಕಾನೂನು ಶಿಕ್ಷಣಕ್ಕೂ ಬೇಕಾದ ಪಾಠ.

1938ರ ನವೆಂಬರ್ ತಿಂಗಳ ಒಂದು ರಾತ್ರಿ ವಾಷಿಂಗ್ಟನ್ನಿನ ಹೋವರ್ಡ್ ವಿಶ್ವವಿದ್ಯಾಲಯದ ಕಾನೂನು ಕಾಲೇಜಿನಲ್ಲಿ ಒಂದು ತಾಲೀಮು ನಡೆಯಿತು. ಮರುದಿನ ಅಮೆರಿಕದ ಸುಪ್ರೀಂ ಕೋರ್ಟಿನಲ್ಲಿ ಮಂಡಿಸಬೇಕಿದ್ದ ವಾದವನ್ನು ವಕೀಲ ಹ್ಯೂಸ್ಟನ್ ಅಂದು ಕಾಲೇಜಿನ ಅಧ್ಯಾಪಕರು ಮತ್ತು ವಿದ್ಯಾರ್ಥಿಗಳ ಮುಂದೆ ಮಂಡಿಸಿದರು. ವಾದ ಎಲ್ಲಿ ಸಡಿಲವಾಗಿದೆ, ನ್ಯಾಯಮೂರ್ತಿಗಳು ಎಲ್ಲಿ ತಡೆದು ಕೇಳಬಹುದು ಎಂಬುದನ್ನು ಹುಡುಕುವುದೇ ಆ ರಾತ್ರಿಯ ಕೆಲಸ.

ಮೊಕದ್ದಮೆ ಲಾಯ್ಡ್ ಗೇನ್ಸ್ ಎಂಬ ಕಪ್ಪುವರ್ಣೀಯ ಯುವಕನದು. ಅವನು ಮಿಸ್ಸೋರಿ ರಾಜ್ಯದ ವಿಶ್ವವಿದ್ಯಾಲಯದಲ್ಲಿ ಕಾನೂನು ಓದಲು ಅರ್ಜಿ ಹಾಕಿದ್ದ. ಅರ್ಹತೆಯ ಬಗ್ಗೆ ಯಾರದೂ ತಕರಾರಿರಲಿಲ್ಲ. ಆದರೆ ಆ ಕಾಲೇಜು ಬಿಳಿಯರಿಗೆ ಮೀಸಲು. ನೀನು ಪಕ್ಕದ ರಾಜ್ಯಕ್ಕೆ ಹೋಗಿ ಓದು, ಶುಲ್ಕವನ್ನು ನಾವು ಕಟ್ಟುತ್ತೇವೆ ಎಂದಿತು ಸರ್ಕಾರ. ಮರುದಿನ ಹ್ಯೂಸ್ಟನ್ ವಾದಕ್ಕೆ ಎದ್ದು ನಿಂತಾಗ ನ್ಯಾಯಮೂರ್ತಿ ಜೇಮ್ಸ್ ಮ್ಯಾಕ್‌ರೆನಾಲ್ಡ್ಸ್ ತಮ್ಮ ಕುರ್ಚಿಯನ್ನು ತಿರುಗಿಸಿಕೊಂಡು ಅವರಿಗೆ ಬೆನ್ನು ಹಾಕಿ ಕುಳಿತರು. ದೇಶದ ಅತ್ಯುನ್ನತ ನ್ಯಾಯಪೀಠದಲ್ಲಿ ಕುಳಿತವರು ಕಪ್ಪು ವಕೀಲರೊಬ್ಬರ ಮುಖ ನೋಡಲೂ ಸಿದ್ಧರಿರಲಿಲ್ಲ. ಹ್ಯೂಸ್ಟನ್ ಅದನ್ನು ಲೆಕ್ಕಿಸದೆ ವಾದ ಮುಂದುವರಿಸಿದರು. ಡಿಸೆಂಬರ್ 12ರಂದು ತೀರ್ಪು ಬಂತು. ಬಿಳಿಯರಿಗೆ ತನ್ನ ನೆಲದಲ್ಲಿ ಕಾನೂನು ಶಿಕ್ಷಣ ಕೊಡುವ ರಾಜ್ಯ ಕಪ್ಪುವರ್ಣೀಯರಿಗೂ ತನ್ನ ನೆಲದಲ್ಲೇ ಕೊಡಬೇಕು, ಹೊರಗೆ ಕಳಿಸಿ ಕೈತೊಳೆದುಕೊಳ್ಳುವಂತಿಲ್ಲ ಎಂದು ನ್ಯಾಯಾಲಯ ಹೇಳಿತು.

ಈ ಗೆಲುವಿನ ಬೇರು ಹಿಂದಿನ ರಾತ್ರಿಯ ತಾಲೀಮಿಗಿಂತಲೂ ಹಿಂದಕ್ಕೆ, 1929ಕ್ಕೆ ಹೋಗುತ್ತದೆ. ಹ್ಯೂಸ್ಟನ್ ಹೋವರ್ಡ್ ಕಾನೂನು ಕಾಲೇಜಿನ ಆಡಳಿತ ಕೈಗೆತ್ತಿಕೊಂಡ ವರ್ಷ ಅದು. ನಾಗರಿಕ ಹಕ್ಕುಗಳ ಹೋರಾಟವೆಂದರೆ ನಮಗೆ ಮೆರವಣಿಗೆಗಳು, ಬಸ್ ಬಹಿಷ್ಕಾರ, ಮಾರ್ಟಿನ್ ಲೂಥರ್ ಕಿಂಗ್ ಅವರ ಭಾಷಣ ನೆನಪಾಗುತ್ತವೆ. ಅದಕ್ಕೂ ಕಾಲು ಶತಮಾನ ಮೊದಲು ತರಗತಿಯ ಕೋಣೆಯಲ್ಲಿ ಸದ್ದಿಲ್ಲದೆ ಕೆಲಸ ಶುರುವಾಗಿತ್ತು.

ಸೈನ್ಯ ಕಲಿಸಿದ ಪಾಠ

ಹ್ಯೂಸ್ಟನ್ ಹುಟ್ಟಿದ್ದು 1895ರಲ್ಲಿ, ವಾಷಿಂಗ್ಟನ್ನಿನಲ್ಲಿ. ತಂದೆ ವಿಲಿಯಂ ವಕೀಲರು. ಆಮ್‌ಹರ್ಸ್ಟ್ ಕಾಲೇಜಿನಲ್ಲಿ ಓದಿ 1915ರಲ್ಲಿ ಉನ್ನತ ದರ್ಜೆಯ ಪದವಿ ಪಡೆದ ಹ್ಯೂಸ್ಟನ್ ಕೆಲ ಕಾಲ ಹೋವರ್ಡ್‌ನಲ್ಲೇ ಇಂಗ್ಲಿಷ್ ಪಾಠ ಮಾಡಿದರು. ಮೊದಲ ಮಹಾಯುದ್ಧ ಬಂತು. ಕಪ್ಪುವರ್ಣೀಯರಿಗಾಗಿ ಅಯೋವಾ ರಾಜ್ಯದಲ್ಲಿ ತೆರೆದಿದ್ದ ಪ್ರತ್ಯೇಕ ಶಿಬಿರದಲ್ಲಿ ತರಬೇತಿ ಪಡೆದು ಸೇನಾಧಿಕಾರಿಯಾಗಿ ಫ್ರಾನ್ಸಿಗೆ ಹೋದರು.

ಮೈಮೇಲೆ ಅಧಿಕಾರಿಯ ಸಮವಸ್ತ್ರವಿದ್ದರೂ ಅವಮಾನ ತಪ್ಪಲಿಲ್ಲ. ಅದಕ್ಕಿಂತ ಹೆಚ್ಚಾಗಿ ಅವರನ್ನು ಕಲಕಿದ್ದು ಸೇನೆಯ ನ್ಯಾಯವಿಚಾರಣೆ. ಕಪ್ಪು ಸೈನಿಕರ ಮೇಲೆ ಹೊರಿಸಿದ ಆರೋಪಗಳಿಗೆ ಆಧಾರ ಇದೆಯೇ ಎಂದು ನೋಡುವ ಗೊಡವೆಗೇ ಹೋಗದೆ ಶಿಕ್ಷೆ ಬರೆಯುವುದನ್ನು ಅವರು ಹತ್ತಿರದಿಂದ ಕಂಡರು. ಬದುಕಿ ಹಿಂತಿರುಗಿದರೆ ಕಾನೂನು ಓದುತ್ತೇನೆ, ತಿರುಗಿ ಹೊಡೆಯಲಾಗದವರ ಪರವಾಗಿ ನಿಲ್ಲುತ್ತೇನೆ ಎಂದು ಆಗಲೇ ನಿಶ್ಚಯಿಸಿದ್ದಾಗಿ ಅವರು ಮುಂದೆ ಬರೆದುಕೊಂಡರು.

1919ರಲ್ಲಿ ಹಾರ್ವರ್ಡ್ ಕಾನೂನು ಕಾಲೇಜು ಸೇರಿದರು. ಹಾರ್ವರ್ಡ್ ಲಾ ರಿವ್ಯೂ ಪತ್ರಿಕೆಯ ಸಂಪಾದಕ ಮಂಡಳಿಗೆ ಆಯ್ಕೆಯಾದ ಮೊದಲ ಕಪ್ಪುವರ್ಣೀಯ ಅವರು. ಫೆಲಿಕ್ಸ್ ಫ್ರಾಂಕ್‌ಫರ್ಟರ್ ಅವರ ಮಾರ್ಗದರ್ಶನದಲ್ಲಿ 1923ರಲ್ಲಿ ಡಾಕ್ಟರೇಟ್ ಮುಗಿಸಿ, ಸ್ಪೇನ್‌ನ ಮ್ಯಾಡ್ರಿಡ್‌ನಲ್ಲಿ ಒಂದಿಷ್ಟು ಕಾಲ ಓದಿ, 1924ರಲ್ಲಿ ಊರಿಗೆ ಮರಳಿ ತಂದೆಯ ಜೊತೆ ವಕೀಲಿ ಆರಂಭಿಸಿದರು. ಅದೇ ವರ್ಷ ಹೋವರ್ಡ್‌ನಲ್ಲಿ ಪಾಠ ಹೇಳುವುದೂ ಶುರುವಾಯಿತು.

ಸಂಜೆ ಕಾಲೇಜಿಗೆ ಬೀಗ

ಹೋವರ್ಡ್ ಕಾನೂನು ಕಾಲೇಜು ಆರಂಭವಾದದ್ದು 1869ರಲ್ಲಿ, ಗುಲಾಮಗಿರಿ ರದ್ದಾದ ಕೆಲವೇ ವರ್ಷಗಳಲ್ಲಿ. ದೇಶದ ಬಹುಪಾಲು ಕಪ್ಪು ವಕೀಲರನ್ನು ಕೊಟ್ಟಿದ್ದೇ ಅದು. 1920ರ ದಶಕದಲ್ಲಿ ಅದೊಂದು ಸಂಜೆ ಕಾಲೇಜು. ಹಗಲಲ್ಲಿ ಸರ್ಕಾರಿ ಕಚೇರಿಗಳಲ್ಲಿ ಗುಮಾಸ್ತರಾಗಿಯೋ ಜವಾನರಾಗಿಯೋ ದುಡಿದವರು ಸಂಜೆ ಬಂದು ಪಾಠ ಕೇಳುತ್ತಿದ್ದರು. ಅಧ್ಯಾಪಕರೂ ಬಹುತೇಕ ಅರೆಕಾಲಿಕರು. ಅಮೆರಿಕನ್ ಬಾರ್ ಅಸೋಸಿಯೇಷನ್ನಿನ ಮಾನ್ಯತೆ ಇರಲಿಲ್ಲ.

1926ರಲ್ಲಿ ವಿಶ್ವವಿದ್ಯಾಲಯದ ಮೊದಲ ಕಪ್ಪುವರ್ಣೀಯ ಅಧ್ಯಕ್ಷರಾದ ಮೊರ್ಡೆಕಾಯ್ ಜಾನ್ಸನ್ ಇದನ್ನು ಬದಲಿಸಲು ಹೊರಟರು. ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಲೂಯಿ ಬ್ರಾಂಡೈಸ್, ಕಪ್ಪು ವಕೀಲರು ಸಲ್ಲಿಸುವ ವಾದಪತ್ರಗಳು ಎಷ್ಟೋ ಸಲ ದುರ್ಬಲವಾಗಿರುತ್ತವೆ, ನಿಮ್ಮ ಜನಕ್ಕೆ ಪೂರ್ಣಾವಧಿಯ ಒಳ್ಳೆಯ ಕಾನೂನು ಕಾಲೇಜು ಬೇಕು ಎಂದು ಹೇಳಿದ್ದನ್ನು ಜಾನ್ಸನ್ ನೆನಪಿಸಿಕೊಳ್ಳುತ್ತಿದ್ದರು. ಈ ಕೆಲಸಕ್ಕೆ ಅವರು ಆರಿಸಿದ್ದು ಹ್ಯೂಸ್ಟನ್ ಅವರನ್ನು. ಹುದ್ದೆಯ ಹೆಸರು ವೈಸ್ ಡೀನ್ ಎಂದಿದ್ದರೂ ಕಾಲೇಜನ್ನು ನಡೆಸುವ ಹೊಣೆ ಪೂರ್ತಿ ಅವರದೇ.

ಹ್ಯೂಸ್ಟನ್ ಸಂಜೆ ತರಗತಿಗಳನ್ನು ನಿಲ್ಲಿಸಿದರು. ಪ್ರವೇಶದ ನಿಯಮ ಬಿಗಿ ಮಾಡಿದರು, ಪೂರ್ಣಾವಧಿ ಅಧ್ಯಾಪಕರನ್ನು ತಂದರು, ಗ್ರಂಥಾಲಯ ಬೆಳೆಸಿದರು. 1931ರ ಹೊತ್ತಿಗೆ ಕಾಲೇಜಿಗೆ ಮಾನ್ಯತೆ ಸಿಕ್ಕಿತು.

ಹಳೆಯ ವಿದ್ಯಾರ್ಥಿಗಳು ಇದನ್ನು ವಿರೋಧಿಸಿದರು. ಅವರ ಸಿಟ್ಟಿಗೆ ಕಾರಣವಿತ್ತು. ಮನೆ ನಡೆಸಲು ಹಗಲು ದುಡಿಯಲೇಬೇಕಾದವರಿಗೆ ವಕೀಲರಾಗುವ ಒಂದೇ ದಾರಿ ಆ ಸಂಜೆ ಕಾಲೇಜು. ಅದು ಮುಚ್ಚಿದಾಗ ಎಷ್ಟೋ ಬಡವರ ಕನಸಿಗೆ ಕಲ್ಲು ಬಿತ್ತು. ಹ್ಯೂಸ್ಟನ್ ಅವರ ಲೆಕ್ಕಾಚಾರ ಬೇರೆ ಇತ್ತು. ಬಿಳಿಯ ವಕೀಲ ತಪ್ಪು ಮಾಡಿದರೆ ನ್ಯಾಯಾಧೀಶರು ತಿದ್ದಿಕೊಳ್ಳಲು ಬಿಟ್ಟಾರು. ಕಪ್ಪು ವಕೀಲ ತಪ್ಪಿದರೆ ಅವನ ಇಡೀ ಜನಾಂಗವನ್ನೇ ಅದಕ್ಕೆ ಹೊಣೆ ಮಾಡುತ್ತಿದ್ದರು. ಎದುರು ಪಕ್ಷದ ವಕೀಲನಿಗಿಂತ ಚೆನ್ನಾಗಿ ತಯಾರಾಗದೆ ಕೋರ್ಟಿಗೆ ಹೋಗುವುದು ಕಕ್ಷಿದಾರನಿಗೆ ಮಾಡುವ ದ್ರೋಹ ಎಂದು ಅವರು ನಂಬಿದ್ದರು. ಈ ನಂಬಿಕೆ ಸರಿಯೆಂದು ಮುಂದಿನ ಇಪ್ಪತ್ತು ವರ್ಷ ತೋರಿಸಿಕೊಟ್ಟಿತು. ಹಾಗೆಂದು ಹೊರಗುಳಿದ ದುಡಿಯುವ ವಿದ್ಯಾರ್ಥಿಗಳನ್ನು ಮರೆಯುವಂತಿಲ್ಲ. ಗುಣಮಟ್ಟ ಏರಿಸುವ ಯಾವ ಕಾಲೇಜೂ ಅದರ ಬೆಲೆಯನ್ನು ಬಡ ವಿದ್ಯಾರ್ಥಿಯ ತಲೆಗೆ ಕಟ್ಟಬಾರದು. ವಿದ್ಯಾರ್ಥಿವೇತನ ಕೊಟ್ಟೋ ಹಾಸ್ಟೆಲ್ ಒದಗಿಸಿಯೋ ಅದನ್ನು ತಾನೇ ಹೊರಬೇಕು.

ಬಾಲ್ಟಿಮೋರ್‌ನ ಥರ್ಗುಡ್ ಮಾರ್ಷಲ್ ಈ ಬದಲಾದ ಕಾಲೇಜಿಗೆ 1930ರಲ್ಲಿ ಬಂದರು. ಅವರದೇ ಊರಿನ ಮೇರಿಲ್ಯಾಂಡ್ ವಿಶ್ವವಿದ್ಯಾಲಯದ ಕಾನೂನು ಕಾಲೇಜು ಕಪ್ಪುವರ್ಣೀಯರನ್ನು ಸೇರಿಸಿಕೊಳ್ಳುತ್ತಿರಲಿಲ್ಲ. ದಿನಾಲೂ ರೈಲಿನಲ್ಲಿ ವಾಷಿಂಗ್ಟನ್ನಿಗೆ ಹೋಗಿ ಬರುತ್ತಿದ್ದರು. ಶುಲ್ಕಕ್ಕೆ ಹಣ ಹೊಂದಿಸಲು ತಾಯಿ ನಾರ್ಮಾ ತಮ್ಮ ಮದುವೆಯ ಉಂಗುರಗಳನ್ನು ಗಿರವಿ ಇಟ್ಟರು.

ಕಬ್ಬಿಣದ ಬೂಟಿನ ಮೇಷ್ಟ್ರು

ವಿದ್ಯಾರ್ಥಿಗಳು ಹ್ಯೂಸ್ಟನ್ ಅವರಿಗೆ ಬೆನ್ನ ಹಿಂದೆ ಕಬ್ಬಿಣದ ಬೂಟು ಎಂದು ಅಡ್ಡಹೆಸರಿಟ್ಟಿದ್ದರು. ನಿಮ್ಮ ಎಡಗಡೆ ಕೂತವರನ್ನು ನೋಡಿ, ಬಲಗಡೆ ಕೂತವರನ್ನು ನೋಡಿ, ಮುಂದಿನ ವರ್ಷ ಇವರೆಲ್ಲ ಇಲ್ಲಿರುವುದಿಲ್ಲ ಎಂದು ಅವರು ಮೊದಲ ದಿನವೇ ಎಚ್ಚರಿಸುತ್ತಿದ್ದರು. ಮಾತು ನಿಜವೂ ಆಗುತ್ತಿತ್ತು. ವಕೀಲನಾದವನು ಸಮಾಜವನ್ನು ಕಟ್ಟುವ ಎಂಜಿನಿಯರ್ ಆಗಬೇಕು, ಇಲ್ಲದಿದ್ದರೆ ಸಮಾಜಕ್ಕೆ ಅಂಟಿದ ಪರಾವಲಂಬಿ ಎನಿಸಿಕೊಳ್ಳುತ್ತಾನೆ ಎಂಬುದು ಅವರು ತರಗತಿಯಲ್ಲಿ ಮತ್ತೆ ಮತ್ತೆ ಹೇಳುತ್ತಿದ್ದ ಮಾತು.

ಕಾಲೇಜು ಇದ್ದದ್ದು ವಾಷಿಂಗ್ಟನ್ನಿನ ಫಿಫ್ತ್ ಸ್ಟ್ರೀಟಿನಲ್ಲಿ, ಕೋರ್ಟುಗಳ ಸಮೀಪ. ಆ ಕೋರ್ಟುಗಳಲ್ಲಿ ಕಪ್ಪು ವಕೀಲರು ವಾದ ಮಾಡಬಹುದಿತ್ತು. ಆದರೆ ನಗರದ ವಕೀಲರ ಸಂಘ ಅವರನ್ನು ಸದಸ್ಯರಾಗಿ ಸೇರಿಸಿಕೊಳ್ಳುತ್ತಿರಲಿಲ್ಲ, ಸಂಘದ ಗ್ರಂಥಾಲಯದ ಬಾಗಿಲೂ ಅವರಿಗೆ ಮುಚ್ಚಿತ್ತು. ಹ್ಯೂಸ್ಟನ್ ಮತ್ತಿತರರು 1925ರಲ್ಲಿ ತಮ್ಮದೇ ಸಂಘ ಕಟ್ಟಿಕೊಂಡಿದ್ದರು. ವಿದ್ಯಾರ್ಥಿಗಳು ಕಲಿಯುತ್ತಿದ್ದ ಸಂವಿಧಾನ ಒಂದು ಮಾತು ಹೇಳಿದರೆ, ಅವರು ನಡೆದು ಬರುತ್ತಿದ್ದ ಬೀದಿ ಇನ್ನೊಂದು ಹೇಳುತ್ತಿತ್ತು.

ಹ್ಯೂಸ್ಟನ್ ಈ ಅಂತರವನ್ನೇ ಪಾಠವಾಗಿ ಬಳಸಿಕೊಂಡರು. ವಿದ್ಯಾರ್ಥಿಗಳನ್ನು ಕೋರ್ಟು, ಪೊಲೀಸ್ ಠಾಣೆ, ಜೈಲುಗಳಿಗೆ ಕರೆದೊಯ್ದರು. ಹೆಸರಾಂತ ಕ್ರಿಮಿನಲ್ ವಕೀಲ ಕ್ಲಾರೆನ್ಸ್ ಡ್ಯಾರೋ, ಹಾರ್ವರ್ಡ್ ಕಾನೂನು ಕಾಲೇಜಿನ ಡೀನ್ ರಾಸ್ಕೋ ಪೌಂಡ್ ಮುಂತಾದವರನ್ನು ಕರೆಸಿ ಉಪನ್ಯಾಸ ಕೊಡಿಸಿದರು. ಜನಾಂಗ ತಾರತಮ್ಯ ಎಂಬ ಒಂದು ಪ್ರತ್ಯೇಕ ವಿಷಯವನ್ನು ಪಠ್ಯಕ್ಕೆ ಅಂಟಿಸಿ ಅವರು ಸುಮ್ಮನಾಗಲಿಲ್ಲ. ಆಸ್ತಿ ಕಾನೂನು ಓದುವವನು ಈ ಮನೆಯನ್ನು ಕಪ್ಪುವರ್ಣೀಯರಿಗೆ ಮಾರಬಾರದು ಎಂದು ಕ್ರಯಪತ್ರದಲ್ಲಿ ಬರೆಸುವ ಷರತ್ತನ್ನು ಎದುರಿಸಲೇಬೇಕಿತ್ತು. ಕ್ರಿಮಿನಲ್ ಪ್ರಕ್ರಿಯೆ ಓದುವವನು ಜ್ಯೂರಿಯ ಪಟ್ಟಿಯಲ್ಲಿ ಒಬ್ಬ ಕಪ್ಪು ನಾಗರಿಕನೂ ಏಕಿಲ್ಲ ಎಂದು ಕೇಳಲೇಬೇಕಿತ್ತು. 1868ರ ಹದಿನಾಲ್ಕನೇ ತಿದ್ದುಪಡಿ ಎಲ್ಲರಿಗೂ ಕಾನೂನಿನ ಸಮಾನ ರಕ್ಷಣೆ ಕೊಟ್ಟಿದೆ. ಪ್ರತ್ಯೇಕವಾಗಿಟ್ಟರೂ ಸಮಾನವಾಗಿದ್ದರೆ ಸಾಕು ಎಂದು 1896ರ ಪ್ಲೆಸ್ಸಿ ತೀರ್ಪು ಅದರ ಜೀವ ಹಿಂಡಿತ್ತು. ಆ ತೀರ್ಪನ್ನು ಬುಡಮೇಲು ಮಾಡುವುದು ಹೇಗೆ ಎಂಬುದು ಇಡೀ ಕಾಲೇಜಿನ ಪ್ರಶ್ನೆಯಾಯಿತು.

ಕಕ್ಷಿದಾರನ ಜೀವ ಮೊದಲು

1933ರಲ್ಲಿ ವರ್ಜೀನಿಯಾ ರಾಜ್ಯದ ಲೀಸ್‌ಬರ್ಗ್ ಎಂಬ ಊರಿನ ಕೋರ್ಟಿನಲ್ಲಿ ಜಾರ್ಜ್ ಕ್ರಾಫರ್ಡ್ ಎಂಬ ಕಪ್ಪುವರ್ಣೀಯನ ಕೊಲೆ ಮೊಕದ್ದಮೆ ನಡೆಯಿತು. ಸತ್ತವರು ಬಿಳಿಯ ಮಹಿಳೆಯರು. ದಕ್ಷಿಣದ ರಾಜ್ಯವೊಂದರಲ್ಲಿ ಇಂಥ ಆರೋಪ ಹೊತ್ತ ಕಪ್ಪುವರ್ಣೀಯ ವಿಚಾರಣೆಯವರೆಗೆ ಬದುಕಿರುವುದೇ ಹೆಚ್ಚು ಎಂಬ ಕಾಲ. ಹ್ಯೂಸ್ಟನ್ ಮತ್ತು ಅವರ ಜೊತೆಗಾರರು, ಎಲ್ಲರೂ ಕಪ್ಪು ವಕೀಲರು, ಅವನ ವಕಾಲತ್ತು ವಹಿಸಿದರು. ಜ್ಯೂರಿಯಲ್ಲಿ ಬಿಳಿಯರನ್ನೇ ತುಂಬುವ ಪದ್ಧತಿಯನ್ನು ಅವರು ಅಲ್ಲಿ ಪ್ರಶ್ನಿಸಿದರು. ಪೀಠ ಒಪ್ಪಲಿಲ್ಲ. ಕ್ರಾಫರ್ಡ್‌ಗೆ ಮರಣದಂಡನೆ ತಪ್ಪಿ ಜೀವಾವಧಿ ಶಿಕ್ಷೆಯಾಯಿತು.

ಮೇಲ್ಮನವಿ ಹಾಕಿದ್ದರೆ ಜ್ಯೂರಿಯ ಪ್ರಶ್ನೆ ಮೇಲಿನ ಕೋರ್ಟಿಗೆ ಹೋಗಿ, ದೇಶಕ್ಕೆಲ್ಲ ಅನ್ವಯವಾಗುವ ತೀರ್ಪು ಬರುವ ಸಾಧ್ಯತೆ ಇತ್ತು. ಆದರೆ ಮರುವಿಚಾರಣೆಯಾದರೆ ಕಕ್ಷಿದಾರ ನೇಣಿಗೇರುವ ಅಪಾಯವೂ ಅಷ್ಟೇ ಇತ್ತು. ಹ್ಯೂಸ್ಟನ್ ಮೇಲ್ಮನವಿ ಹಾಕಲಿಲ್ಲ. ಚಳವಳಿಯ ಒಳಗಿನವರೇ ಅವರನ್ನು ಕಟುವಾಗಿ ಟೀಕಿಸಿದರು, ದೊಡ್ಡ ಅವಕಾಶ ಕೈಬಿಟ್ಟರು ಎಂದರು. ಹ್ಯೂಸ್ಟನ್ ಮಣಿಯಲಿಲ್ಲ.

ಹಕ್ಕುಗಳ ಬಗ್ಗೆ ಕಲಿಸುವ ಯಾವ ಕಾಲೇಜಿನಲ್ಲೂ ಈ ಮೊಕದ್ದಮೆಯನ್ನು ಮೊದಲು ಓದಿಸಬೇಕು. ಉದ್ದೇಶ ಎಷ್ಟೇ ದೊಡ್ಡದಿರಲಿ, ಕಟಕಟೆಯಲ್ಲಿ ನಿಂತ ಮನುಷ್ಯನನ್ನು ಅದಕ್ಕೆ ಬಲಿ ಕೊಡುವಂತಿಲ್ಲ. ನಲವತ್ತಕ್ಕೂ ಹೆಚ್ಚು ವರ್ಷಗಳ ನಂತರ, 1976ರಲ್ಲಿ, ಹಾರ್ವರ್ಡ್‌ನ ಪ್ರಾಧ್ಯಾಪಕ ಡೆರಿಕ್ ಬೆಲ್ ಇದೇ ಪ್ರಶ್ನೆಯನ್ನು ಇನ್ನೊಂದು ಕಡೆಯಿಂದ ಎತ್ತಿದರು. ಶಾಲೆಗಳಲ್ಲಿ ಬಿಳಿ ಕಪ್ಪು ಮಕ್ಕಳನ್ನು ಬೆರೆಸಬೇಕೆಂದು ವಕೀಲರು ಪಟ್ಟು ಹಿಡಿದಿದ್ದಾರೆ, ತಂದೆತಾಯಿಗಳು ಒಳ್ಳೆಯ ಶಾಲೆ ಕೇಳುತ್ತಿದ್ದಾರೆ. ಇವೆರಡೂ ಬೇರೆಯಾದಾಗ ವಕೀಲ ಯಾರ ಮಾತು ಕೇಳಬೇಕು ಎಂದು ಅವರು ಕೇಳಿದರು. ಬೆಲ್ ಸ್ವತಃ, ಮುಂದೆ ಮಾರ್ಷಲ್ ಮುನ್ನಡೆಸಿದ ವಕೀಲರ ತಂಡದಲ್ಲಿ ದುಡಿದವರು.

ಕ್ಯಾಮೆರಾ ಹಿಡಿದ ವಕೀಲ

ಪ್ಲೆಸ್ಸಿ ತೀರ್ಪನ್ನು ಎಲ್ಲಿಂದ ಅಲುಗಾಡಿಸಬೇಕು ಎಂಬ ವಿಷಯದಲ್ಲಿ ಹ್ಯೂಸ್ಟನ್ ತುಂಬ ಯೋಚಿಸಿದರು. ನೇರವಾಗಿ ಪ್ರಾಥಮಿಕ ಶಾಲೆಗಳಿಗೆ ಕೈಹಾಕಿದರೆ ದಕ್ಷಿಣದ ಬಿಳಿಯರು ಕೆರಳಿ ನಿಲ್ಲುತ್ತಾರೆ, ನ್ಯಾಯಾಧೀಶರು ಹಿಂಜರಿಯುತ್ತಾರೆ. ಹಾಗಾಗಿ ಮೇಲಿನಿಂದ, ಕಾನೂನು ಕಾಲೇಜು ಮತ್ತು ಸ್ನಾತಕೋತ್ತರ ಶಿಕ್ಷಣದಿಂದ ಆರಂಭಿಸುವುದು ಅವರ ಯೋಜನೆ. ಅಲ್ಲಿ ವಿದ್ಯಾರ್ಥಿಗಳ ಸಂಖ್ಯೆ ಕಡಿಮೆ. ಕಪ್ಪುವರ್ಣೀಯರಿಗಾಗಿ ಇನ್ನೊಂದು ಕಾನೂನು ಕಾಲೇಜನ್ನೋ ವೈದ್ಯಕೀಯ ಕಾಲೇಜನ್ನೋ ಸಮಾನವಾಗಿ ಕಟ್ಟಲು ಯಾವ ರಾಜ್ಯದ ಖಜಾನೆಗೂ ಸುಲಭವಿಲ್ಲ. ಅದಕ್ಕಿಂತ ಮುಖ್ಯವಾಗಿ, ಒಳ್ಳೆಯ ಕಾನೂನು ಕಾಲೇಜು ಎಂದರೇನು ಎಂದು ಯಾವ ನ್ಯಾಯಾಧೀಶರಿಗೂ ವಿವರಿಸಬೇಕಿಲ್ಲ.

ಸಾಕ್ಷ್ಯಕ್ಕಾಗಿ ಅವರು ಸ್ವತಃ ಓಡಾಡಿದರು. 1934ರ ಕೊನೆಯಲ್ಲಿ ಕಾರು ಹತ್ತಿ ಚಲನಚಿತ್ರ ಕ್ಯಾಮೆರಾ ಜೊತೆ ಸೌತ್ ಕ್ಯಾರೊಲಿನಾದ ಹಳ್ಳಿಗಳನ್ನು ಸುತ್ತಿದರು. ಬಿಳಿಯ ಮಕ್ಕಳ ಶಾಲೆಗಳನ್ನೂ ಕಪ್ಪು ಮಕ್ಕಳು ಕೂರುತ್ತಿದ್ದ ಹಲಗೆಗೂಡಿನಂಥ ಶಾಲೆಗಳನ್ನೂ ಒಂದರ ಪಕ್ಕ ಒಂದಿಟ್ಟು ಚಿತ್ರಿಸಿದರು. ಪ್ರತ್ಯೇಕ ಆದರೂ ಸಮಾನ ಎಂಬ ಮಾತಿನ ಸುಳ್ಳನ್ನು ತೋರಿಸಲು ಇದಕ್ಕಿಂತ ಗಟ್ಟಿ ಸಾಕ್ಷ್ಯ ಬೇಕಿರಲಿಲ್ಲ. ದಕ್ಷಿಣದ ಪ್ರವಾಸಗಳಲ್ಲಿ ಮಾರ್ಷಲ್ ಅವರೂ ಜೊತೆಗಿದ್ದದ್ದುಂಟು. ಊಟಕ್ಕೆ ಹೋಟೆಲ್ ಇಲ್ಲ, ತಂಗಲು ವಸತಿಗೃಹ ಇಲ್ಲ. ಕಪ್ಪುವರ್ಣೀಯರ ಮನೆಗಳಲ್ಲಿ ಉಳಿದು, ಕಾರಿನಲ್ಲೇ ಟೈಪ್‌ರೈಟರ್ ಇಟ್ಟುಕೊಂಡು ವರದಿ ಬರೆದರು.

1935ರಲ್ಲಿ ಗುರುಶಿಷ್ಯರು ಬಾಲ್ಟಿಮೋರ್‌ನ ಕೋರ್ಟಿನಲ್ಲಿ ಒಟ್ಟಿಗೆ ನಿಂತರು. ಡೊನಾಲ್ಡ್ ಮರ್ರೆ ಎಂಬ ಕಪ್ಪು ಯುವಕನಿಗೆ ಮೇರಿಲ್ಯಾಂಡ್ ಕಾನೂನು ಕಾಲೇಜು ಪ್ರವೇಶ ನಿರಾಕರಿಸಿತ್ತು. ಮಾರ್ಷಲ್ ಅವರಿಗೆ ಬಾಗಿಲು ಮುಚ್ಚಿದ್ದ ಕಾಲೇಜೇ ಅದು. ಹ್ಯೂಸ್ಟನ್ ವಿಶ್ವವಿದ್ಯಾಲಯದ ಅಧ್ಯಕ್ಷರನ್ನು ಪಾಟೀಸವಾಲಿಗೆ ಒಳಪಡಿಸಿದರು. ನ್ಯಾಯಾಧೀಶ ಯೂಜೀನ್ ಓಡನ್ ವಿಚಾರಣೆಯ ಕೊನೆಯಲ್ಲಿ ಪೀಠದಿಂದಲೇ ಪ್ರವೇಶಕ್ಕೆ ಆದೇಶ ಕೊಟ್ಟರು. ಮರ್ರೆ ಆ ವರ್ಷವೇ ಕಾಲೇಜು ಸೇರಿ 1938ರಲ್ಲಿ ಪದವಿ ಪಡೆದರು.

ಅದೇ 1935ರಲ್ಲಿ ಹ್ಯೂಸ್ಟನ್ ಹೋವರ್ಡ್ ಬಿಟ್ಟು, ಕಪ್ಪುವರ್ಣೀಯರ ಹಕ್ಕುಗಳಿಗಾಗಿ ದುಡಿಯುತ್ತಿದ್ದ ಎನ್‌ಎಎಸಿಪಿ ಸಂಸ್ಥೆಯ ವಿಶೇಷ ವಕೀಲರಾಗಿ ನ್ಯೂಯಾರ್ಕಿಗೆ ಹೋದರು. ಮುಂದೆ ಆ ಸ್ಥಾನ ಮಾರ್ಷಲ್ ಅವರದಾಯಿತು. ಗೇನ್ಸ್ ಮೊಕದ್ದಮೆ ಗೆದ್ದದ್ದು ಈ ಅವಧಿಯಲ್ಲೇ. ಆ ಗೆಲುವಿನ ಫಲ ಗೇನ್ಸ್‌ಗೆ ದಕ್ಕಲಿಲ್ಲ. 1939ರ ಮಾರ್ಚ್‌ನಲ್ಲಿ ಅವನು ಷಿಕಾಗೋದಲ್ಲಿ ಕಣ್ಮರೆಯಾದ, ಮತ್ತೆಂದೂ ಸಿಗಲಿಲ್ಲ.

ಹತ್ತು ಡಾಲರಿನ ಪಂಥ

ಕಾಲೇಜಿನ ಹೊಣೆ ಬಿಟ್ಟ ಮೇಲೂ ಕಾಲೇಜು ನಿಲ್ಲದಿದ್ದುದು ಹ್ಯೂಸ್ಟನ್ ಅವರ ದೊಡ್ಡ ಸಾಧನೆ. 1938ರಲ್ಲಿ ಅಲ್ಲಿನ ಅಧ್ಯಾಪಕ ಜೇಮ್ಸ್ ನ್ಯಾಬ್ರಿಟ್ ನಾಗರಿಕ ಹಕ್ಕುಗಳ ಕಾನೂನನ್ನೇ ಒಂದು ಪೂರ್ಣ ವಿಷಯವಾಗಿ ಕಲಿಸತೊಡಗಿದರು. ಅಮೆರಿಕದ ಕಾನೂನು ಕಾಲೇಜುಗಳಲ್ಲಿ ಅಂಥ ಮೊದಲ ತರಗತಿ ಅದು. ಹ್ಯೂಸ್ಟನ್ ಅವರ ಬಂಧು ವಿಲಿಯಂ ಹೇಸ್ಟಿ 1939ರಲ್ಲಿ ಡೀನ್ ಆದರು.

1941ರಲ್ಲಿ ಪಾಲಿ ಮರ್ರೆ ಎಂಬ ವಿದ್ಯಾರ್ಥಿನಿ ಬಂದರು. ಬಣ್ಣದ ಕಾರಣಕ್ಕೆ ನಾರ್ತ್ ಕ್ಯಾರೊಲಿನಾ ವಿಶ್ವವಿದ್ಯಾಲಯ ಅವರನ್ನು ಸೇರಿಸಿಕೊಂಡಿರಲಿಲ್ಲ. ಹೋವರ್ಡ್‌ನ ಆ ತಂಡದಲ್ಲಿ ಅವರೊಬ್ಬರೇ ಹೆಣ್ಣು. ಹೆಣ್ಣುಮಕ್ಕಳು ಕಾನೂನು ಓದಲು ಏಕೆ ಬರುತ್ತಾರೋ ಎಂದು ಪ್ರಾಧ್ಯಾಪಕರೊಬ್ಬರು ತರಗತಿಯಲ್ಲೇ ಅಂದರು, ಹುಡುಗರು ನಕ್ಕರು. ವರ್ಣಭೇದದ ವಿರುದ್ಧ ಸೈನಿಕರನ್ನು ತಯಾರಿಸುತ್ತಿದ್ದ ಕಾಲೇಜಿಗೆ ಲಿಂಗಭೇದ ಕಾಣುತ್ತಿರಲಿಲ್ಲ. ಮರ್ರೆ 1944ರಲ್ಲಿ ತರಗತಿಗೇ ಮೊದಲಿಗರಾಗಿ ಹೊರಬಂದರು. ಮುಂದಿನ ಓದಿಗೆ ಹಾರ್ವರ್ಡ್‌ಗೆ ಅರ್ಜಿ ಹಾಕಿದರೆ ಹೆಣ್ಣೆಂಬ ಕಾರಣಕ್ಕೆ ಅದು ತಿರಸ್ಕೃತವಾಯಿತು.

ಸಮಾನತೆ ಎಲ್ಲಿದೆ ಎಂದು ಕೇಳುತ್ತ ಕೂರುವುದೇಕೆ, ಪ್ರತ್ಯೇಕಿಸುವುದೇ ಸಂವಿಧಾನಕ್ಕೆ ವಿರುದ್ಧ ಎಂದು ನೇರವಾಗಿ ವಾದಿಸಬೇಕು ಎಂದು ಮರ್ರೆ ತರಗತಿಯಲ್ಲಿ ಹೇಳಿದಾಗ ಎಲ್ಲರೂ ತಳ್ಳಿಹಾಕಿದರು. ಇಪ್ಪತ್ತೈದು ವರ್ಷದೊಳಗೆ ಪ್ಲೆಸ್ಸಿ ತೀರ್ಪು ಬಿದ್ದೇ ಬೀಳುತ್ತದೆ ಎಂದು ಅವರು ಅಧ್ಯಾಪಕ ಸ್ಪಾಟ್ಸ್‌ವುಡ್ ರಾಬಿನ್ಸನ್ ಅವರ ಜೊತೆ ಹತ್ತು ಡಾಲರಿನ ಪಂಥ ಕಟ್ಟಿದರು, ತಮ್ಮ ವಾದವನ್ನು ಒಂದು ಪ್ರಬಂಧವಾಗಿ ಬರೆದುಕೊಟ್ಟರು. ಹತ್ತೇ ವರ್ಷದಲ್ಲಿ ಪಂಥ ಗೆದ್ದರು. ಶಾಲೆಗಳ ಪ್ರತ್ಯೇಕತೆಯನ್ನು 1954ರಲ್ಲಿ ತೆಗೆದುಹಾಕಿದ ಬ್ರೌನ್ ಮೊಕದ್ದಮೆಗೆ ಸಿದ್ಧವಾಗುವಾಗ ಆ ಹಳೆಯ ಪ್ರಬಂಧವನ್ನು ಹೊರತೆಗೆದು ನೋಡಿದ್ದೆವು ಎಂದು ರಾಬಿನ್ಸನ್ ಅವರೇ ಎಷ್ಟೋ ವರ್ಷಗಳ ನಂತರ ಅವರಿಗೆ ತಿಳಿಸಿದರು.

ತೀರ್ಪಿನ ಹಿಂದಿನ ತರಗತಿ

ಕಾನೂನು ಕಾಲೇಜಿನಿಂದ ಆರಂಭಿಸುವ ಯೋಜನೆ 1950ರ ಜೂನ್ 5ರಂದು ಫಲ ಕೊಟ್ಟಿತು. ಹೀಮನ್ ಸ್ವೆಟ್ ಎಂಬ ಅಂಚೆ ನೌಕರರು ಟೆಕ್ಸಾಸ್ ವಿಶ್ವವಿದ್ಯಾಲಯದಲ್ಲಿ ಕಾನೂನು ಓದಲು ಬಯಸಿದ್ದರು. ಅವರನ್ನು ಹೊರಗಿಡಲು ರಾಜ್ಯ ಸರ್ಕಾರ ಆಸ್ಟಿನ್‌ನ ಕಟ್ಟಡವೊಂದರ ನೆಲಮಾಳಿಗೆಯಲ್ಲಿ ಕಪ್ಪುವರ್ಣೀಯರ ಕಾನೂನು ಕಾಲೇಜನ್ನು ಅವಸರದಲ್ಲಿ ತೆರೆಯಿತು. ಸುಪ್ರೀಂ ಕೋರ್ಟು ಇದನ್ನು ಒಪ್ಪಲಿಲ್ಲ. ಕಾಲೇಜೆಂದರೆ ಕೋಣೆ ಮತ್ತು ಪುಸ್ತಕಗಳ ಲೆಕ್ಕ ಮಾತ್ರವಲ್ಲ. ಅಧ್ಯಾಪಕರ ಹೆಸರು, ಹಳೆಯ ವಿದ್ಯಾರ್ಥಿಗಳ ಬಳಗ, ಊರಿನಲ್ಲಿ ಕಾಲೇಜಿಗಿರುವ ಮನ್ನಣೆ ಇವೆಲ್ಲ ಸೇರಿಯೇ ಕಾಲೇಜು. ನಾಳೆ ಯಾರ ಜೊತೆ ವಾದ ಮಾಡಬೇಕೋ ಅವರನ್ನೇ ದೂರವಿಟ್ಟು ಕಾನೂನು ಕಲಿಸಲಾಗದು ಎಂದಿತು. ಅದೇ ದಿನ ಇನ್ನೊಂದು ತೀರ್ಪೂ ಬಂತು. ಒಕ್ಲಹೋಮ ವಿಶ್ವವಿದ್ಯಾಲಯದಲ್ಲಿ ಜಾರ್ಜ್ ಮ್ಯಾಕ್‌ಲಾರಿನ್ ಎಂಬ ಹಿರಿಯ ಕಪ್ಪು ಶಿಕ್ಷಕರನ್ನು ತರಗತಿಯ ಪಕ್ಕದ ಕೋಣೆಯಲ್ಲಿ ಕೂರಿಸಿ ಅಲ್ಲಿಂದಲೇ ಪಾಠ ಕೇಳಿಸಲಾಗುತ್ತಿತ್ತು. ಅದೂ ಅಸಾಂವಿಧಾನಿಕವಾಯಿತು.

ಆ ದಿನವನ್ನು ನೋಡಲು ಹ್ಯೂಸ್ಟನ್ ಇರಲಿಲ್ಲ. ಆರು ವಾರ ಮೊದಲು, ಏಪ್ರಿಲ್ 22ರಂದು, ಹೃದ್ರೋಗದಿಂದ ತೀರಿಕೊಂಡಿದ್ದರು. ವಯಸ್ಸು 54.

1954ರ ಮೇ 17ರ ಬ್ರೌನ್ ತೀರ್ಪು ಶಾಲೆಗಳ ಪ್ರತ್ಯೇಕತೆಯನ್ನೇ ತೆಗೆದುಹಾಕಿತು. ಆ ದಿನ ತೀರ್ಮಾನವಾದದ್ದು ಐದು ಮೊಕದ್ದಮೆಗಳು. ಸೌತ್ ಕ್ಯಾರೊಲಿನಾದ್ದನ್ನು ವಾದಿಸಿದವರು ಮಾರ್ಷಲ್. ವರ್ಜೀನಿಯಾದ್ದನ್ನು ಹೂಡಿದವರು ಮಾರ್ಷಲ್ ಅವರ ಸಹಪಾಠಿ ಆಲಿವರ್ ಹಿಲ್ ಮತ್ತು ರಾಬಿನ್ಸನ್. ಅಲ್ಲಿ ಬಾರ್ಬರಾ ಜಾನ್ಸ್ ಎಂಬ ಹದಿನಾರರ ಹುಡುಗಿ ಶಾಲೆಯ ದುಃಸ್ಥಿತಿ ಪ್ರತಿಭಟಿಸಿ 1951ರಲ್ಲಿ ಮಕ್ಕಳ ಮುಷ್ಕರ ನಡೆಸಿದ್ದಳು. ವಾಷಿಂಗ್ಟನ್ನಿನದನ್ನು ಹ್ಯೂಸ್ಟನ್ ಅವರೇ ಆರಂಭಿಸಿ, ಕಾಯಿಲೆ ಬಿದ್ದಾಗ ನ್ಯಾಬ್ರಿಟ್ ಅವರ ಕೈಗೆ ಒಪ್ಪಿಸಿದ್ದರು. ಇವರೆಲ್ಲ ಹೋವರ್ಡ್‌ನ ವಿದ್ಯಾರ್ಥಿಗಳು ಅಥವಾ ಅಧ್ಯಾಪಕರು. ವಾದಕ್ಕೆ ಮೊದಲಿನ ತಾಲೀಮು ನಡೆದದ್ದೂ ಅದೇ ಕಾಲೇಜಿನಲ್ಲಿ. ಮಾರ್ಷಲ್ 1967ರಲ್ಲಿ ಸುಪ್ರೀಂ ಕೋರ್ಟಿನ ಮೊದಲ ಕಪ್ಪುವರ್ಣೀಯ ನ್ಯಾಯಮೂರ್ತಿಯಾದರು. ಈ ಗೆಲುವಿಗೆಲ್ಲ ದಾರಿ ಹಾಕಿಕೊಟ್ಟವರು ಹ್ಯೂಸ್ಟನ್ ಎಂದು ಅವರು ಕೊನೆಯವರೆಗೂ ಹೇಳುತ್ತಿದ್ದರು.

ಮಂಗಳೂರಿನ ಎಳೆ

ಈ ಕಥೆಯಲ್ಲಿ ಕನ್ನಡನಾಡಿನ ಎಳೆಯೊಂದಿದೆ. ಮಂಗಳೂರಿನಲ್ಲಿ ಹುಟ್ಟಿದ ಬೆನಗಲ್ ನರಸಿಂಗ ರಾವ್ ನಮ್ಮ ಸಂವಿಧಾನ ಸಭೆಯ ಸಲಹೆಗಾರರಾಗಿ 1947ರಲ್ಲಿ ಅಮೆರಿಕಕ್ಕೆ ಹೋದಾಗ ನ್ಯಾಯಮೂರ್ತಿ ಫ್ರಾಂಕ್‌ಫರ್ಟರ್ ಅವರನ್ನು ಕಂಡರು. ಹ್ಯೂಸ್ಟನ್ ಅವರ ಗುರುಗಳಾಗಿದ್ದ ಅದೇ ಫ್ರಾಂಕ್‌ಫರ್ಟರ್. 'ಡ್ಯೂ ಪ್ರೊಸೆಸ್' (ನ್ಯಾಯಯುತವಾದ ಕಾನೂನು ಪ್ರಕ್ರಿಯೆ) ಎಂಬ ಮಾತನ್ನು ನಿಮ್ಮ ಸಂವಿಧಾನಕ್ಕೆ ಸೇರಿಸಬೇಡಿ, ಅದು ನ್ಯಾಯಾಧೀಶರ ಕೈಗೆ ಅತಿಯಾದ ಅಧಿಕಾರ ಕೊಡುತ್ತದೆ ಎಂಬುದು ಅವರ ಸಲಹೆ. ನಮ್ಮ 21ನೇ ವಿಧಿಯಲ್ಲಿ ಕಾನೂನು ಗೊತ್ತುಪಡಿಸಿದ ಪ್ರಕ್ರಿಯೆ ಎಂಬ ಮಾತು ಬಂದದ್ದರ ಹಿಂದೆ ಆ ಭೇಟಿಯೂ ಇದೆ.

ಏಳು ವರ್ಷಗಳ ನಂತರ ವಾಷಿಂಗ್ಟನ್ನಿನ ಮಕ್ಕಳ ಮೊಕದ್ದಮೆ ತೀರ್ಮಾನವಾದದ್ದು ಆ 'ಡ್ಯೂ ಪ್ರೊಸೆಸ್' ಮಾತಿನ ಬಲದಿಂದಲೇ. ಹದಿನಾಲ್ಕನೇ ತಿದ್ದುಪಡಿಯ ಸಮಾನ ರಕ್ಷಣೆ ರಾಜ್ಯಗಳಿಗೆ ಅನ್ವಯಿಸುತ್ತದೆ. ರಾಜಧಾನಿ ಯಾವ ರಾಜ್ಯಕ್ಕೂ ಸೇರಿದ್ದಲ್ಲ. ಹಾಗಾಗಿ ನ್ಯಾಯಾಲಯ ಐದನೇ ತಿದ್ದುಪಡಿಯ 'ಡ್ಯೂ ಪ್ರೊಸೆಸ್' ಹಿಡಿಯಬೇಕಾಯಿತು, ಫ್ರಾಂಕ್‌ಫರ್ಟರ್ ಅವರೂ ಆ ಒಮ್ಮತದ ತೀರ್ಪಿನಲ್ಲಿದ್ದರು. ನಮ್ಮ ಸುಪ್ರೀಂ ಕೋರ್ಟು 1978ರ ಮೇನಕಾ ಗಾಂಧಿ ಮೊಕದ್ದಮೆಯಲ್ಲಿ ಪ್ರಕ್ರಿಯೆ ಎಂದರೆ ನ್ಯಾಯಯುತವಾದ ಪ್ರಕ್ರಿಯೆಯೇ ಆಗಿರಬೇಕು ಎಂದು ಆ ಕೊರತೆಯನ್ನು ತುಂಬಿಕೊಂಡಿತು. ಸಂವಿಧಾನದ ಒಂದು ಮಾತು ಯಾರನ್ನು ಕಾಯುತ್ತದೆ ಎಂಬುದು ಅದನ್ನು ಹಿಡಿದು ವಾದಿಸಬಲ್ಲ ವಕೀಲರು ಇದ್ದಾರೆಯೇ ಎಂಬುದರ ಮೇಲೂ ನಿಂತಿದೆ.

ಹ್ಯೂಸ್ಟನ್ ಹೋವರ್ಡ್ ಬಿಟ್ಟ 1935ರಲ್ಲೇ ಬಾಬಾಸಾಹೇಬ್ ಅಂಬೇಡ್ಕರ್ ಮುಂಬೈ ಸರ್ಕಾರಿ ಕಾನೂನು ಕಾಲೇಜಿನ ಪ್ರಾಂಶುಪಾಲರಾದರು. ಇಬ್ಬರಿಗೂ ಕಾನೂನು ಹೊಟ್ಟೆಪಾಡಿಗಿಂತ ಹೆಚ್ಚಿನದಾಗಿತ್ತು. 1946ರಲ್ಲಿ ಅಂಬೇಡ್ಕರ್ ಕಪ್ಪುವರ್ಣೀಯರ ಹಿರಿಯ ಚಿಂತಕ ಡು ಬೋಯಿಸ್ ಅವರಿಗೆ ಪತ್ರ ಬರೆದು, ನಿಮ್ಮ ಸ್ಥಿತಿಗೂ ಅಸ್ಪೃಶ್ಯರ ಸ್ಥಿತಿಗೂ ಇರುವ ಹೋಲಿಕೆಯನ್ನು ಗುರುತಿಸಿದ್ದರು.

ಈಗ ಕೇಳಬೇಕಾದ ಪ್ರಶ್ನೆ

ಹಾರ್ವರ್ಡ್ ಕಾನೂನು ಕಾಲೇಜಿನಲ್ಲಿ 2005ರಲ್ಲಿ ಪ್ರಾಧ್ಯಾಪಕ ಚಾರ್ಲ್ಸ್ ಓಗಲ್‌ಟ್ರೀ ಹ್ಯೂಸ್ಟನ್ ಹೆಸರಿನಲ್ಲೇ ಜನಾಂಗ ಮತ್ತು ನ್ಯಾಯದ ಅಧ್ಯಯನ ಸಂಸ್ಥೆ ಕಟ್ಟಿದರು. ಅಮೆರಿಕದ ಬೇರೆ ಕಾನೂನು ಕಾಲೇಜುಗಳಲ್ಲೂ ಇಂಥ ಕೇಂದ್ರಗಳಿವೆ. ಅವುಗಳ ಮುಖ್ಯಸ್ಥರ ಕೆಲಸ ಇಂದು ಸುಲಭವಾಗಿಲ್ಲ. ಪ್ರವೇಶದಲ್ಲಿ ಜನಾಂಗವನ್ನು ಪರಿಗಣಿಸುವ ಪದ್ಧತಿಯನ್ನು ಸುಪ್ರೀಂ ಕೋರ್ಟು 2023ರಲ್ಲಿ ತಳ್ಳಿಹಾಕಿದೆ, ವರ್ಣಭೇದದ ಬಗ್ಗೆ ತರಗತಿಯಲ್ಲಿ ಏನು ಹೇಳಬಹುದು ಎಂಬುದನ್ನು ಕೆಲವು ರಾಜ್ಯಗಳು ಕಾನೂನು ಮಾಡಿ ನಿರ್ಬಂಧಿಸಿವೆ. ಒಂದು ಕಾಲದಲ್ಲಿ ಬಾಗಿಲ ಮೇಲೆ ಬರೆದು ಹಾಕುತ್ತಿದ್ದ ಭೇದ ಈಗ ಬಾಡಿಗೆ, ಸಾಲ, ಶಾಲೆ, ಪೊಲೀಸ್ ತಪಾಸಣೆಗಳ ಒಳಗೆ ಅಡಗಿದೆ. ಅದನ್ನು ಸಾಬೀತು ಮಾಡಲು ಹ್ಯೂಸ್ಟನ್ ಕ್ಯಾಮೆರಾ ಹಿಡಿದಾಗ ತೋರಿದಷ್ಟೇ ಶ್ರದ್ಧೆ ಬೇಕು.

ನಮ್ಮಲ್ಲಿ ಜಾತಿಯ ವಿಷಯದಲ್ಲಿ ಇದೇ ಮಾತು ನಿಲ್ಲುತ್ತದೆ. ಅಸ್ಪೃಶ್ಯತೆಯನ್ನು 17ನೇ ವಿಧಿ ನಿಷೇಧಿಸಿದೆ, 1989ರ ದೌರ್ಜನ್ಯ ತಡೆ ಕಾಯ್ದೆ ಇದೆ. ಠಾಣೆಯಲ್ಲಿ ಎಫ್‌ಐಆರ್ ಬರೆಸುವುದರಿಂದ ಹಿಡಿದು ಸಾಕ್ಷಿಗಳು ಕೋರ್ಟಿನಲ್ಲಿ ನಿಲ್ಲುವವರೆಗೆ ಸಂತ್ರಸ್ತರಿಗೆ ಜೊತೆಯಾಗಬಲ್ಲ ವಕೀಲರು ಬೇಕು. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆ ಕಾನೂನು ಕಾಲೇಜುಗಳಲ್ಲಿ ನೆರವು ಕೇಂದ್ರಗಳನ್ನು ಬೆಳೆಸಬೇಕೆನ್ನುತ್ತದೆ. ಆದರೆ ಬಾರ್ ಕೌನ್ಸಿಲ್ ನಿಯಮದಂತೆ ಸಂಬಳ ಪಡೆಯುವ ಪೂರ್ಣಾವಧಿ ಅಧ್ಯಾಪಕರು ವಕೀಲಿ ಮಾಡುವಂತಿಲ್ಲ. ವಕೀಲರು ದಿನಕ್ಕೆ ಮೂರು ಗಂಟೆಯವರೆಗೆ ಪಾಠ ಮಾಡಬಹುದು, ಅಷ್ಟೇ. ಹಗಲು ಕೋರ್ಟಿನಲ್ಲಿ ವಾದಿಸಿದ ಗುರು ಸಂಜೆ ಅದೇ ಮೊಕದ್ದಮೆಯನ್ನು ಶಿಷ್ಯರ ಮುಂದೆ ಬಿಚ್ಚಿಡುವ ಹೋವರ್ಡ್ ಮಾದರಿ ಹೀಗಾಗಿ ನಮ್ಮಲ್ಲಿ ಬೇರೂರುವುದು ಕಷ್ಟ. ಕಾಲೇಜಿನ ನೆರವು ಕೇಂದ್ರದ ಮೂಲಕ ಬರುವ ಬಡವರ ಮೊಕದ್ದಮೆಗಳಲ್ಲಾದರೂ ಅಧ್ಯಾಪಕರಿಗೆ ಕೋರ್ಟಿಗೆ ಹೋಗಲು ಅವಕಾಶ ಕೊಡಬೇಕು. ಆ ಕೆಲಸಕ್ಕೆ ವಿದ್ಯಾರ್ಥಿಗಳಿಗೆ ಅಂಕವೂ ಸಿಗಬೇಕು, ಕಕ್ಷಿದಾರನ ಹಿತ ಕಾಯುವ ಹೊಣೆಯೂ ಅಂಟಬೇಕು.

ಮಗನನ್ನೋ ಮಗಳನ್ನೋ ಕಾನೂನು ಕಾಲೇಜಿಗೆ ಸೇರಿಸಲು ಹೋಗುವ ತಂದೆತಾಯಿಗಳು ಕಟ್ಟಡ ನೋಡುತ್ತಾರೆ, ಕ್ಯಾಂಪಸ್ ನೇಮಕಾತಿಯ ಪಟ್ಟಿ ಕೇಳುತ್ತಾರೆ. ಇನ್ನೂ ಎರಡು ಪ್ರಶ್ನೆ ಕೇಳಬೇಕು. ಕಳೆದ ವರ್ಷ ಈ ಕಾಲೇಜಿನ ನೆರವು ಕೇಂದ್ರದ ಬಾಗಿಲಿಗೆ ಬಂದವರು ಯಾರು, ಅವರ ಕೆಲಸ ಎಲ್ಲಿಗೆ ಬಂತು? ಹಗಲು ದುಡಿಯಲೇಬೇಕಾದ ವಿದ್ಯಾರ್ಥಿಗೆ ಇಲ್ಲಿ ಏನು ಅನುಕೂಲವಿದೆ? ಮೊದಲ ಪ್ರಶ್ನೆಗೆ ಹ್ಯೂಸ್ಟನ್ ಬಳಿ ಒಳ್ಳೆಯ ಉತ್ತರವಿತ್ತು, ಎರಡನೆಯದಕ್ಕೆ ಇರಲಿಲ್ಲ. ಎರಡಕ್ಕೂ ಉತ್ತರ ಇಟ್ಟುಕೊಂಡ ಕಾಲೇಜುಗಳನ್ನು ನಾವು ಕಟ್ಟಿದರೆ, ಹಕ್ಕು ಕಳೆದುಕೊಂಡವರು ವಕೀಲರಿಗಾಗಿ ದೂರದ ಊರಿಗೆ ಅಲೆಯಬೇಕಾಗುವುದಿಲ್ಲ. ತಮ್ಮ ತಾಲ್ಲೂಕಿನ ಕೋರ್ಟಿನಲ್ಲೇ, ತಮ್ಮ ಮಾತು ಬಲ್ಲ, ಎದುರಾಳಿಗಿಂತ ಚೆನ್ನಾಗಿ ತಯಾರಾಗಿ ಬಂದ ವಕೀಲರು ಅವರಿಗೆ ಸಿಗುತ್ತಾರೆ.